ಆರೋಗ್ಯ ಸೇತು ಆ್ಯಪ್ ವಿಮರ್ಶೆ: ಬ್ಲೂಟೂತ್‌ನಿಂದ ಹೈಕೋರ್ಟ್‌ವರೆಗೆ

ಕೋವಿಡ್ ಸೋಂಕಿತರ ಹತ್ತಿರ ಬಂದವರನ್ನು ಫೋನಿನ ಮೂಲಕ ಪತ್ತೆಹಚ್ಚಲು (ಇದೇ ಸಂಪರ್ಕ ಪತ್ತೆ) ಕೇಂದ್ರ ಸರ್ಕಾರ 2020ರ ಏಪ್ರಿಲ್ 2ರಂದು ಬಿಡುಗಡೆ ಮಾಡಿದ ಆರೋಗ್ಯ ಸೇತು ಆ್ಯಪ್ ಬಗ್ಗೆ ಆ ದಿನಗಳಲ್ಲಿ ನಡೆದ ವಾದವೆಲ್ಲ ಎರಡು ಗುಂಪುಗಳದು. ದೇಶ ಕಷ್ಟದಲ್ಲಿದೆ, ಪ್ರಶ್ನೆ ಕೇಳದೆ ಹಾಕಿಕೊಳ್ಳಿ ಎನ್ನುವವರು ಒಂದು ಕಡೆ. ಇದು ಸರ್ಕಾರದ ಬೇಹುಗಾರಿಕೆ, ಮೊಬೈಲ್ ಹತ್ತಿರ ಬಿಡಬೇಡಿ ಎನ್ನುವವರು ಇನ್ನೊಂದು ಕಡೆ. ಆ್ಯಪ್ ನಿಜಕ್ಕೂ ಏನು ಮಾಡುತ್ತಿತ್ತು, ಎಲ್ಲಿ ಕೈಕೊಡುತ್ತಿತ್ತು, ಯಾಕೆ ಕೈಕೊಡುತ್ತಿತ್ತು ಎಂದು ಬಿಡಿಸಿ ನೋಡಿದವರು ಕಡಿಮೆ. ಈಗ ಅದರ ಸಂಪರ್ಕ ಪತ್ತೆ ವಿಭಾಗ ಮುಚ್ಚಿದೆ, ಕೋರ್ಟ್ ಆದೇಶಗಳು ದಾಖಲೆಯಲ್ಲಿವೆ, ಬೇರೆ ದೇಶಗಳ ಆ್ಯಪ್‌ಗಳ ಫಲಿತಾಂಶವೂ ಬಂದಿದೆ. ಮುಂದಿನ ಸಾಂಕ್ರಾಮಿಕಕ್ಕೆ ಇಂಥದ್ದೇ ಇನ್ನೊಂದು ಆ್ಯಪ್ ಬಂದೇ ಬರುತ್ತದೆ. ಅದಕ್ಕೆ ಮೊದಲು ಇದರ ಲೆಕ್ಕ ಚುಕ್ತಾ ಆಗಬೇಕು.

ತೀರ್ಪು ಮೊದಲೇ ಹೇಳಿಬಿಡುತ್ತೇನೆ. ಅಪರಿಚಿತರಿಂದ ಅಪರಿಚಿತರಿಗೆ ಹರಡುವ ಸೋಂಕಿನ ಜಾಡು ಹಿಡಿಯಲು ಫೋನ್ ಬಳಸುವ ಯೋಚನೆ ಸರಿಯಾಗಿತ್ತು. ಎಂಜಿನಿಯರಿಂಗ್ ಸಾಧಾರಣ. ಅದನ್ನು ಜನರ ಮೇಲೆ ಹೇರಿದ ರೀತಿ ಮಾತ್ರ ತಪ್ಪು, ಮತ್ತು ಆ ತಪ್ಪು ವೈಯಕ್ತಿಕ ಸ್ವಾತಂತ್ರ್ಯಕ್ಕೆ ಎಷ್ಟು ಪೆಟ್ಟು ಕೊಟ್ಟಿತೋ ಸಮುದಾಯದ ಸುರಕ್ಷತೆಗೂ ಅಷ್ಟೇ ಪೆಟ್ಟು ಕೊಟ್ಟಿತು.

ಮೊದಲು ಕೆಲಸ ಮಾಡುವ ಬಗೆ. ರಾಷ್ಟ್ರೀಯ ಮಾಹಿತಿ ಕೇಂದ್ರ, ಅಂದರೆ ಎನ್‌ಐಸಿ, ಹೊರತಂದ ಆ್ಯಪ್ ಇದು. ಇಳಿಸಿಕೊಂಡು, ಭಾಷೆ ಆರಿಸಿ (ಕನ್ನಡ ಇತ್ತು, ಅನುವಾದ ಓದುವಂತಿತ್ತು), ಮೊಬೈಲ್ ನಂಬರ್ ಕೊಟ್ಟು ಒಟಿಪಿ ಹಾಕಬೇಕು. ಆಮೇಲೆ ಹೆಸರು, ವಯಸ್ಸು, ಲಿಂಗ, ವೃತ್ತಿ, ಹಿಂದಿನ 30 ದಿನಗಳಲ್ಲಿ ಹೋಗಿಬಂದ ದೇಶಗಳು. ಈ ವಿವರ ಸರ್ವರ್‌ಗೆ ಹೋಗಿ, ನಿಮ್ಮ ಹೆಸರಿಗೆ ಒಂದು ಡಿಜಿಟಲ್ ಗುರುತು ಸಂಖ್ಯೆ ಬರುತ್ತದೆ. ನಂತರ ಬ್ಲೂಟೂತ್ ಮತ್ತು ಲೊಕೇಶನ್ ಎರಡನ್ನೂ ಸದಾ ತೆರೆದಿಡಲು ಅನುಮತಿ. ಇನ್ನೊಬ್ಬ ಬಳಕೆದಾರ ಬ್ಲೂಟೂತ್ ವ್ಯಾಪ್ತಿಗೆ ಬಂದರೆ ಎರಡೂ ಫೋನುಗಳು ಗುರುತು ಸಂಖ್ಯೆ ವಿನಿಮಯ ಮಾಡಿಕೊಳ್ಳುತ್ತವೆ. ಸಮಯ ಮತ್ತು ಜಿಪಿಎಸ್ ಸ್ಥಳವೂ ಜತೆಗೆ ದಾಖಲಾಗುತ್ತದೆ. ಇದಲ್ಲದೆ ಪ್ರತಿ 15 ನಿಮಿಷಕ್ಕೊಮ್ಮೆ ನೀವಿರುವ ಜಾಗ ಫೋನಿನಲ್ಲಿ ಬರೆದುಕೊಳ್ಳುತ್ತಾ ಹೋಗುತ್ತದೆ.

ಈ ದಾಖಲೆ ಎಲ್ಲರದ್ದೂ ಸರ್ವರ್‌ಗೆ ಹೋಗುತ್ತಿರಲಿಲ್ಲ. ಇದನ್ನು ಆ್ಯಪ್‌ನ ಕಟು ಟೀಕಾಕಾರರೂ ಒಪ್ಪಬೇಕು. ಪರೀಕ್ಷೆಯಲ್ಲಿ ಪಾಸಿಟಿವ್ ಬಂದರೆ, ಇಲ್ಲವೇ ಸ್ವಯಂ ಮೌಲ್ಯಮಾಪನದ ಪ್ರಶ್ನೆಗಳಿಗೆ ಕೊಟ್ಟ ಉತ್ತರದಿಂದ ಹಳದಿ ಅಥವಾ ಕಿತ್ತಳೆ ಬಣ್ಣ ಬಂದರೆ ಮಾತ್ರ ಅಪ್‌ಲೋಡ್. ಫೋನಿನಲ್ಲೇ ಉಳಿದದ್ದು 30 ದಿನಕ್ಕೆ ಅಳಿಯಬೇಕು. ಸರ್ವರ್‌ಗೆ ಹೋದದ್ದು ಸೋಂಕಿಲ್ಲದವರದಾದರೆ 45 ದಿನಕ್ಕೆ, ಸೋಂಕಿತರದಾದರೆ ಗುಣವಾದ 60 ದಿನಕ್ಕೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಪರೀಕ್ಷಾ ಪಟ್ಟಿಯ ಮೊಬೈಲ್ ನಂಬರ್‌ಗೆ ಆ್ಯಪ್‌ನ ನಂಬರ್ ಹೊಂದಿದರೆ ಆ ವ್ಯಕ್ತಿಯ ಸಂಪರ್ಕಗಳನ್ನು ಸರ್ವರ್ ಲೆಕ್ಕಹಾಕಿ ಎಚ್ಚರಿಕೆ ಕಳಿಸುತ್ತಿತ್ತು.

ಹೊಂದಾಣಿಕೆ ಮೊಬೈಲ್ ನಂಬರ್ ಮೇಲೆ ನಿಂತಿತ್ತು ಎಂಬಲ್ಲೇ ಮೊದಲ ತೊಡಕು. ನಮ್ಮಲ್ಲಿ ಒಂದು ಮನೆಗೆ ಒಂದು ಸ್ಮಾರ್ಟ್‌ಫೋನ್ ಎಂಬುದು ಸಾಮಾನ್ಯ. ಅಜ್ಜಿಯ ಗಂಟಲು ದ್ರವದ ಮಾದರಿಗೆ ಮಗನ ನಂಬರ್ ಬರೆಸಿರುತ್ತಾರೆ. ಆಗ ಅಜ್ಜಿ ಮನೆಯಲ್ಲೇ ಇದ್ದರೂ ಮಗನ ಓಡಾಟದ ದಾಖಲೆ ಸೋಂಕಿತನ ದಾಖಲೆಯಾಗುತ್ತದೆ. ತದ್ವಿರುದ್ಧವೂ ಆಗಬಹುದು: ಕೀಪ್ಯಾಡ್ ಫೋನಿನ ನಂಬರ್ ಬರೆಸಿದವರು ಪಾಸಿಟಿವ್ ಆದರೂ ಆ್ಯಪ್‌ಗೆ ತಿಳಿಯುವುದಿಲ್ಲ. ಸಾದಾ ಫೋನಿನವರಿಗೆಂದು ಮೇ ತಿಂಗಳಲ್ಲಿ 1921 ನಂಬರ್‌ಗೆ ಮಿಸ್ಡ್ ಕಾಲ್ ಕೊಡುವ ವ್ಯವಸ್ಥೆ ಬಂತು. ಅದು ರೋಗಲಕ್ಷಣ ಕೇಳುವ ಸೇವೆ ಅಷ್ಟೇ. ಸಂಪರ್ಕ ಪತ್ತೆಗೆ ಅದರಿಂದ ಉಪಯೋಗವಿಲ್ಲ.

ಎರಡನೆಯ ತೊಡಕು ಬ್ಲೂಟೂತ್‌ನದೇ. ಬ್ಲೂಟೂತ್ ದೂರ ಅಳೆಯುವ ಸಾಧನವಲ್ಲ. ಬಂದ ಸಿಗ್ನಲ್ ಎಷ್ಟು ಬಲವಾಗಿದೆ ಎಂಬುದರಿಂದ ದೂರವನ್ನು ಊಹಿಸಬೇಕು. ಫೋನ್ ಪ್ಯಾಂಟಿನ ಹಿಂಬದಿ ಜೇಬಿನಲ್ಲಿದ್ದರೆ ನಡುವೆ ಬರುವ ದೇಹವೇ ಆ ತರಂಗವನ್ನು ಹೀರಿಕೊಳ್ಳುತ್ತದೆ, ಒಂದು ಮೀಟರ್ ದೂರದಲ್ಲಿರುವವರು ಐದು ಮೀಟರ್ ಆಚೆ ಇದ್ದಂತೆ ಕಾಣುತ್ತಾರೆ. ಅಪಾರ್ಟ್‌ಮೆಂಟ್‌ನಲ್ಲಿ ಗೋಡೆಯಾಚೆ ಮಂಚದ ಪಕ್ಕ ಫೋನಿಟ್ಟು ಮಲಗುವ ಪಕ್ಕದ ಮನೆಯವರು ರಾತ್ರಿಯಿಡೀ ನಿಮ್ಮ ಜತೆಗೇ ಇದ್ದಂತೆ ದಾಖಲಾಗಬಹುದು. ಗೋಡೆ ವೈರಾಣುವನ್ನು ತಡೆಯುತ್ತದೆ, ಸಿಗ್ನಲನ್ನು ಪೂರ್ತಿ ತಡೆಯುವುದಿಲ್ಲ. ತಗಡಿನ ಪೆಟ್ಟಿಗೆಯಂತಿರುವ ಬಸ್ಸಿನೊಳಗೆ ಇನ್ನೂ ಕಷ್ಟ. ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು 2020ರಲ್ಲಿ ಟ್ರಾಮ್ ಒಳಗೆ ಫೋನುಗಳನ್ನಿಟ್ಟು ಅಳೆದಾಗ, ಲೋಹದ ಮೈಯಿಂದ ಸಿಗ್ನಲ್ ಪ್ರತಿಫಲಿಸಿ ಹತ್ತಿರ ಯಾರು, ದೂರ ಯಾರು ಎಂದು ಹೇಳುವುದು ಕುರುಡು ಊಹೆಗಿಂತ ಉತ್ತಮವಾಗಿರಲಿಲ್ಲ. ಅವರು ಪರೀಕ್ಷಿಸಿದ್ದು ಸಂಪರ್ಕ ಪತ್ತೆಗೆಂದು ಗೂಗಲ್ ಮತ್ತು ಆ್ಯಪಲ್ ರೂಪಿಸಿದ ವ್ಯವಸ್ಥೆಯನ್ನು. ಆದರೆ ಬ್ಲೂಟೂತ್ ತರಂಗದ ಗುಣ ಎಲ್ಲ ಆ್ಯಪ್‌ಗೂ ಒಂದೇ. ಬಿಎಂಟಿಸಿ ಬಸ್ಸಿಗೂ ಒಂದೇ.

ಮೂರನೆಯದು ಫೋನ್ ತಯಾರಕರ ಬ್ಯಾಟರಿ ಉಳಿತಾಯ. ನಮ್ಮಲ್ಲಿ ಹೆಚ್ಚು ಮಾರಾಟವಾಗುವ ಚೀನೀ ಬ್ರ್ಯಾಂಡ್‌ಗಳ ಆಂಡ್ರಾಯ್ಡ್ ಫೋನುಗಳು ಹಿನ್ನೆಲೆಯಲ್ಲಿ ಓಡುವ ಆ್ಯಪ್‌ಗಳನ್ನು ಕೆಲವೇ ಹೊತ್ತಿನಲ್ಲಿ ನಿಲ್ಲಿಸಿಬಿಡುತ್ತವೆ. ಇದನ್ನು ತಡೆಯಲು ಸೆಟ್ಟಿಂಗ್ಸ್‌ಗೆ ಹೋಗಿ, ಬ್ಯಾಟರಿ ನಿರ್ಬಂಧ ತೆಗೆದು, ಆಟೋಸ್ಟಾರ್ಟ್ ಆನ್ ಮಾಡಿ, ಇತ್ತೀಚಿನ ಆ್ಯಪ್‌ಗಳ ಪಟ್ಟಿಯಲ್ಲಿ ಬೀಗದ ಚಿಹ್ನೆ ಒತ್ತಬೇಕು. ಎಷ್ಟು ಜನ ಮಾಡಿದ್ದಾರು? ಐಫೋನ್‌ನಲ್ಲಂತೂ ಹಿನ್ನೆಲೆಗೆ ಸರಿದ ಆ್ಯಪ್‌ಗಳ ಬ್ಲೂಟೂತ್ ಬಳಕೆಗೆ ಆ್ಯಪಲ್‌ನದೇ ಕಡಿವಾಣ. ಗೇಟಿನಲ್ಲಿ ತೆರೆದು ಹಸಿರು ಬಣ್ಣ ತೋರಿಸಿ ಮುಚ್ಚಿದ ಆ್ಯಪ್, ಒಳಗೆ ಹೋದ ಮೇಲೆ ಎಂಟು ಗಂಟೆ ಯಾರನ್ನೂ ದಾಖಲಿಸದೇ ಇರುವುದು ಹೀಗೆ ಸಾಧ್ಯವಾಯಿತು.

ಆ ಹಸಿರು ಬಣ್ಣದ ಬಗ್ಗೆ ಹೇಳಲೇಬೇಕು, ಯಾಕೆಂದರೆ ಅತಿ ಹೆಚ್ಚು ತಪ್ಪು ತಿಳಿವಳಿಕೆ ಹುಟ್ಟಿಸಿದ್ದು ಅದೇ. ತೆರೆದ ಕೂಡಲೇ ಹಸಿರು ಪರದೆ, ನೀವು ಸುರಕ್ಷಿತರು ಎಂಬ ಮಾತು. ಅದರ ನಿಜವಾದ ಅರ್ಥ ಇಷ್ಟೇ: ಈ ಆ್ಯಪ್ ಇರುವ, ಬ್ಲೂಟೂತ್ ತೆರೆದಿಟ್ಟ, ಪರೀಕ್ಷೆ ಮಾಡಿಸಿಕೊಂಡ, ಫಲಿತಾಂಶ ಬಂದ, ನಂಬರ್ ಸರಿಯಾಗಿ ದಾಖಲಾದ ಸೋಂಕಿತರ ಪೈಕಿ ಯಾರ ಹತ್ತಿರವೂ ನೀವು ಹೋದಂತೆ ನಮಗೆ ಕಂಡಿಲ್ಲ. ಇಷ್ಟೆಲ್ಲ ಷರತ್ತು ಒಂದು ಹಸಿರು ಬಣ್ಣದಲ್ಲಿ ಮುಚ್ಚಿಹೋದವು. ಸೆಕ್ಯುರಿಟಿ ಗಾರ್ಡ್, ಕಚೇರಿ ಮ್ಯಾನೇಜರ್, ರೈಲು ನಿಲ್ದಾಣದ ಸಿಬ್ಬಂದಿ ಅದನ್ನು ಆರೋಗ್ಯ ಪ್ರಮಾಣಪತ್ರವೆಂದೇ ತೆಗೆದುಕೊಂಡರು. ಸ್ವಯಂ ಮೌಲ್ಯಮಾಪನದಲ್ಲಿ ಕೆಮ್ಮು, ಜ್ವರ ಇದೆ ಎಂದು ಸತ್ಯ ಹೇಳಿದವನಿಗೆ ಬಣ್ಣ ಬದಲಾಗಿ ಒಳಗೆ ಪ್ರವೇಶ ಇಲ್ಲ. ಸುಳ್ಳು ಹೇಳಿದವನಿಗೆ ದಾರಿ ಸಲೀಸು. ದಿನಗೂಲಿ ಕಳೆದುಕೊಳ್ಳುವ ಭಯವಿದ್ದವರು ಏನು ಒತ್ತುತ್ತಾರೆಂದು ಊಹಿಸುವುದು ಕಷ್ಟವಲ್ಲ.

ಇನ್ನು ಲೆಕ್ಕ. ಸಂಪರ್ಕ ದಾಖಲಾಗಲು ಇಬ್ಬರಲ್ಲೂ ಆ್ಯಪ್ ಇರಬೇಕು. ಹಾಗಾಗಿ ಬಳಕೆಯ ಪ್ರಮಾಣವನ್ನು ಅದರಿಂದಲೇ ಗುಣಿಸಬೇಕು. 2020ರ ಮೇ ನಡುಭಾಗದ ಹೊತ್ತಿಗೆ ಬಳಕೆದಾರರು 10 ಕೋಟಿ ದಾಟಿದ್ದರು. ಜಗತ್ತಿನಲ್ಲೇ ದೊಡ್ಡ ಸಂಖ್ಯೆ ಎಂದು ಹೇಳಿಕೊಂಡದ್ದು ಸರಿಯೇ. ಆದರೆ ಜನಸಂಖ್ಯೆಯ ಶೇ 7ರಿಂದ 8ರಷ್ಟು. ಅದನ್ನು ಅದರಿಂದಲೇ ಗುಣಿಸಿದರೆ ಶೇ 0.5ರ ಸುತ್ತ. ಅಂದರೆ ಇಬ್ಬರು ಭಾರತೀಯರ ಆಕಸ್ಮಿಕ ಭೇಟಿ 200 ನಡೆದರೆ ಅದರಲ್ಲಿ ಒಂದೋ ಎರಡೋ ಆ್ಯಪ್‌ಗೆ ಕಾಣುವ ಸಾಧ್ಯತೆ. ಬೆಂಗಳೂರಿನಂಥ ಕಡೆ, ಐಟಿ ಕಚೇರಿಗಳಲ್ಲಿ ಈ ಪ್ರಮಾಣ ಹೆಚ್ಚು. ಯಾದಗಿರಿಯ ಹಳ್ಳಿಗೆ ಮುಂಬೈಯಿಂದ ಮರಳಿದ ವಲಸೆ ಕಾರ್ಮಿಕರ ಗುಂಪಿನಲ್ಲಿ ಬಹಳ ಕಡಿಮೆ. ಆ ಬೇಸಿಗೆಯಲ್ಲಿ ಕರ್ನಾಟಕದ ಪ್ರಕರಣಗಳನ್ನು ಏರಿಸಿದ್ದು ಎರಡನೆಯ ಬಗೆಯ ಪ್ರಯಾಣ.

ಸರ್ಕಾರದ ಕಡೆಯ ಅಂಕಿ ಅಂಶವನ್ನೂ ನ್ಯಾಯವಾಗಿ ನೋಡೋಣ. ಮೇ 26ರಂದು ಆಂಡ್ರಾಯ್ಡ್ ಆವೃತ್ತಿಯ ಮೂಲ ಕೋಡ್ ಬಹಿರಂಗಪಡಿಸಿದಾಗ ಹೇಳಿದ್ದು: ಆ್ಯಪ್ ಶಿಫಾರಸಿನ ಮೇಲೆ ಪರೀಕ್ಷೆಗೊಳಗಾದವರಲ್ಲಿ ಸುಮಾರು ಶೇ 24 ಮಂದಿ ಪಾಸಿಟಿವ್, ಒಟ್ಟಾರೆ ಪಾಸಿಟಿವ್ ಪ್ರಮಾಣ ಮಾತ್ರ ಶೇ 4.65. ಮೇಲ್ನೋಟಕ್ಕೆ ದೊಡ್ಡ ಗೆಲುವು. ಆದರೆ ಆ ಶಿಫಾರಸಿನಲ್ಲಿ ಬ್ಲೂಟೂತ್ ಹಿಡಿದವರೂ ಇದ್ದರು, ತಾವಾಗಿಯೇ ರೋಗಲಕ್ಷಣ ಇದೆ ಎಂದು ನಮೂದಿಸಿದವರೂ ಇದ್ದರು. ಜ್ವರ, ಕೆಮ್ಮು, ಉಸಿರಾಟದ ತೊಂದರೆ ಇದೆ ಎಂದವರಲ್ಲಿ ಪಾಸಿಟಿವ್ ಪ್ರಮಾಣ ಹೆಚ್ಚಿರುವುದು ಸಹಜ; ಅದಕ್ಕೆ ಆಪ್ತಮಿತ್ರ ಸಹಾಯವಾಣಿ 14410ರ ಒಂದು ಕರೆ ಸಾಕಾಗಿತ್ತು, ಜಿಪಿಎಸ್ ಬೇಕಿರಲಿಲ್ಲ. ಎರಡನ್ನೂ ಬೇರ್ಪಡಿಸಿ ಕೊಟ್ಟಿದ್ದರೆ ಬ್ಲೂಟೂತ್‌ನ ಪಾಲು ಎಷ್ಟೆಂದು ಗೊತ್ತಾಗುತ್ತಿತ್ತು.

ಜಿಪಿಎಸ್ ಯಾಕೆ ಬೇಕಿತ್ತು? ಸೋಂಕು ಗುಂಪಾಗಿ ಏಳುವ ಪ್ರದೇಶಗಳನ್ನು ನಕ್ಷೆಯ ಮೇಲೆ ಮೊದಲೇ ಗುರುತಿಸಲು ಎಂಬುದು ಉತ್ತರ. ಸಾರ್ವಜನಿಕ ಆರೋಗ್ಯದ ದೃಷ್ಟಿಯಿಂದ ಇದು ನಿಜವಾದ ಅಗತ್ಯ, ತಳ್ಳಿಹಾಕುವಂಥದ್ದಲ್ಲ. ಆದರೆ ಅದಕ್ಕೆ ವಾರ್ಡ್ ಅಥವಾ ಪಿನ್‌ಕೋಡ್ ಸಾಕು. ಬ್ರಿಟನ್ನಿನ ಆ್ಯಪ್ ಪೋಸ್ಟ್‌ಕೋಡ್‌ನ ಮೊದಲ ಅರ್ಧ ಭಾಗ ಮಾತ್ರ ಕೇಳಿತು, ಹೆಸರು ಕೇಳಲೇ ಇಲ್ಲ. 15 ನಿಮಿಷಕ್ಕೊಮ್ಮೆಯ ಸ್ಥಳ ದಾಖಲೆಗೂ ಹೆಸರು, ಫೋನ್ ನಂಬರ್‌ಗೂ ಗಂಟು ಹಾಕಿದರೆ ಆಸ್ಪತ್ರೆ, ಪ್ರಾರ್ಥನಾ ಮಂದಿರ, ವಕೀಲರ ಕಚೇರಿ, ಪ್ರತಿಭಟನೆ, ಎಲ್ಲವೂ ಅದರಲ್ಲಿ ಬರುತ್ತವೆ. ಮೇ ಮೊದಲ ವಾರದಲ್ಲಿ ಫ್ರಾನ್ಸ್‌ನ ಭದ್ರತಾ ತಜ್ಞ ರಾಬರ್ಟ್ ಬ್ಯಾಪ್ಟಿಸ್ಟ್ ತೋರಿಸಿದ್ದೂ ಇದರ ಇನ್ನೊಂದು ಮುಖ: ಫೋನಿನ ಸ್ಥಳವನ್ನು ಕೃತಕವಾಗಿ ಬದಲಿಸಿ, ಬೇಕಾದ ಜಾಗದ ಸುತ್ತಮುತ್ತ ಎಷ್ಟು ಜನ ಅಸ್ವಸ್ಥರೆಂದು ನಮೂದಿಸಿದ್ದಾರೆ ಎಂದು ಕೇಳಬಹುದಿತ್ತು. ಆ ಮಾಹಿತಿ ಹೇಗೂ ಸಾರ್ವಜನಿಕ ಎಂದು ಆ್ಯಪ್ ತಂಡ ಉತ್ತರಿಸಿತು. ಜನವಸತಿ ವಿರಳವಾದ ಜಾಗದಲ್ಲಿ ಹೀಗೆ ಒಂದೊಂದೇ ಬಿಂದುವಿನಿಂದ ಕೇಳುತ್ತಾ ಹೋದರೆ ಸೋಂಕಿತ ಮನೆಯನ್ನೇ ಸಮೀಪಿಸಬಹುದು ಎಂಬ ಪ್ರಶ್ನೆಗೆ ಆ ಉತ್ತರ ಸಾಲದು.

ಅದೇ ಹೊತ್ತಿಗೆ ಬೇರೆ ದಾರಿ ಇತ್ತು. 2020ರ ಏಪ್ರಿಲ್ 10ರಂದು ಗೂಗಲ್ ಮತ್ತು ಆ್ಯಪಲ್ ಪ್ರಕಟಿಸಿ ಮೇ 20ರಂದು ಬಿಡುಗಡೆ ಮಾಡಿದ ವ್ಯವಸ್ಥೆಯಲ್ಲಿ ಫೋನ್ ಬಿತ್ತರಿಸುವ ಗುರುತು 10ರಿಂದ 20 ನಿಮಿಷಕ್ಕೊಮ್ಮೆ ಬದಲಾಗುತ್ತದೆ. ಸೋಂಕಿತ ವ್ಯಕ್ತಿ ಒಪ್ಪಿದರೆ ಅವರ ಕೀಲಿಗಳು (ಆ ಗುರುತುಗಳನ್ನು ಹುಟ್ಟಿಸುವ ಸಂಕೇತಗಳು) ಮಾತ್ರ ಸರ್ವರ್‌ಗೆ ಹೋಗುತ್ತವೆ. ಹೋಲಿಸಿ ನೋಡುವ ಕೆಲಸ ಪ್ರತಿಯೊಬ್ಬರ ಫೋನಿನಲ್ಲೇ. ಯಾರು ಯಾರನ್ನು ಭೇಟಿಯಾದರು ಎಂಬ ಜಾಲ ಯಾವ ಸರ್ಕಾರದ ಕೈಗೂ ಸಿಗುವುದಿಲ್ಲ. ಇದಕ್ಕೂ ನಷ್ಟವಿದೆ: ಆರೋಗ್ಯ ಇಲಾಖೆಗೆ ಯಾರಿಗೆ ಕರೆ ಮಾಡಬೇಕೆಂದು ತಿಳಿಯುವುದಿಲ್ಲ, ಎಚ್ಚರಿಕೆ ಬಂದವರು ತಾವಾಗಿಯೇ ಮುಂದೆ ಬರಬೇಕು. ಬರುತ್ತಾರೆಯೇ? ಇಂಗ್ಲೆಂಡ್ ಮತ್ತು ವೇಲ್ಸ್‌ನ ಅನುಭವ ಇಲ್ಲಿ ದೊಡ್ಡದು. ಅಲ್ಲಿನ ಆ್ಯಪ್ 2020ರ ಸೆಪ್ಟೆಂಬರ್ 24ರಂದು ಬಂತು, ಪೂರ್ತಿ ಐಚ್ಛಿಕ. ಜನಸಂಖ್ಯೆಯ ಶೇ 28ರಷ್ಟು ಮಂದಿ ನಿಯಮಿತವಾಗಿ ಬಳಸಿದರು. ವರ್ಷದ ಕೊನೆಯವರೆಗಿನ ಅವಧಿಯನ್ನು ಅಧ್ಯಯನ ಮಾಡಿ ನೇಚರ್ ಪತ್ರಿಕೆಯಲ್ಲಿ ಪ್ರಕಟವಾದ ಪ್ರಬಂಧದ ಅಂದಾಜಿನಂತೆ, ಬಳಕೆ ಶೇ 1ರಷ್ಟು ಹೆಚ್ಚಿದಾಗೆಲ್ಲ ಪ್ರಕರಣಗಳು ಶೇ 0.8ರಿಂದ 2.3ರಷ್ಟು ಇಳಿದವು. ಹೆಸರು ಕೇಳದ, ಯಾರನ್ನೂ ಜೈಲಿಗೆ ಹಾಕುತ್ತೇನೆ ಎನ್ನದ ಆ್ಯಪ್ ಮಾಡಿದ ಕೆಲಸ ಅದು. ಕಡಿಮೆ ಆದಾಯದವರು ಪ್ರತ್ಯೇಕವಾಸದಲ್ಲಿದ್ದರೆ ಅಲ್ಲಿ 500 ಪೌಂಡ್ ನೆರವೂ ಇತ್ತು. ಅನ್ನಕ್ಕೆ ದಾರಿ ಮಾಡಿಕೊಟ್ಟರೆ ಜನ ಮನೆಯಲ್ಲಿರುತ್ತಾರೆ ಎಂಬ ಸರಳ ವಿಷಯ ಅವರ ಯೋಜನೆಯಲ್ಲಿ ಸೇರಿತ್ತು.

ನಮ್ಮಲ್ಲಿ ಆದದ್ದು ಬೇರೆ. ಏಪ್ರಿಲ್‌ನಲ್ಲಿ ಐಚ್ಛಿಕ ಎಂದೇ ಬಂದ ಆ್ಯಪ್, ಮೇ 1ರ ಗೃಹ ಸಚಿವಾಲಯದ ಆದೇಶದಲ್ಲಿ ಸರ್ಕಾರಿ, ಖಾಸಗಿ ಎಲ್ಲ ಉದ್ಯೋಗಿಗಳಿಗೂ ಕಡ್ಡಾಯವಾಯಿತು. ಶೇ 100 ಮಂದಿ ಹಾಕಿಕೊಳ್ಳುವಂತೆ ನೋಡಿಕೊಳ್ಳುವ ಹೊಣೆ ಸಂಸ್ಥೆಯ ಮುಖ್ಯಸ್ಥರದು. ಕಂಟೈನ್‌ಮೆಂಟ್ ವಲಯಗಳಲ್ಲಿ ಎಲ್ಲ ನಿವಾಸಿಗಳಿಗೂ. ಉತ್ತರ ಪ್ರದೇಶದ ನೊಯಿಡಾದಲ್ಲಿ ಪೊಲೀಸರು ಸ್ಮಾರ್ಟ್‌ಫೋನಿನಲ್ಲಿ ಈ ಆ್ಯಪ್ ಇಲ್ಲದಿರುವುದನ್ನೇ ಐಪಿಸಿ ಕಲಂ 188ರ ಅಡಿ ತಪ್ಪೆಂದರು; ಆರು ತಿಂಗಳವರೆಗೆ ಸಜೆ ಅಥವಾ 1,000 ರೂಪಾಯಿವರೆಗೆ ದಂಡ. ಮೇ 12ರಂದು ವಿಶೇಷ ರೈಲುಗಳು ಹೊರಡುವ ಹಿಂದಿನ ರಾತ್ರಿ ಪ್ರಯಾಣಿಕರಿಗೆ ಕಡ್ಡಾಯ ಎಂಬ ಪ್ರಕಟಣೆ. ವಾರ ಕಳೆಯುವುದರೊಳಗೆ, ಮೇ 17ರ ಆದೇಶದಲ್ಲಿ, ಉದ್ಯೋಗಿಗಳು ಹಾಕಿಕೊಳ್ಳುವಂತೆ ಸಾಧ್ಯವಾದಷ್ಟು ಪ್ರಯತ್ನಿಸಿ ಎಂಬ ಮಟ್ಟಕ್ಕೆ ಮಾತು ಇಳಿಯಿತು. ಆದರೆ ಗೇಟಿನಲ್ಲಿ ನಿಂತವನಿಗೆ ಆದೇಶದ ಪದ ಬದಲಾದದ್ದು ತಲುಪಲಿಲ್ಲ. ಮನೆಕೆಲಸದವರು, ಡೆಲಿವರಿ ಹುಡುಗರು, ಕಟ್ಟಡ ಕಾರ್ಮಿಕರು ಆ್ಯಪ್ ತೋರಿಸಿಯೇ ಒಳಗೆ ಹೋಗಬೇಕಾದ ಸ್ಥಿತಿ ತಿಂಗಳುಗಟ್ಟಲೆ ಉಳಿಯಿತು.

ಕಡ್ಡಾಯದ ಪರ ವಾದ ಬಲವಾದದ್ದು, ಅದನ್ನು ಪೂರ್ತಿ ಹೇಳಿಯೇ ಉತ್ತರಿಸಬೇಕು. ಸೋಂಕು ಒಬ್ಬರ ಸ್ವಂತ ವಿಷಯವಲ್ಲ. ಲಕ್ಷಣವಿಲ್ಲದವರಿಂದಲೂ ಹರಡುತ್ತದೆ. ಬಸ್ಸಿನಲ್ಲಿ ಪಕ್ಕ ಕೂತವರ ಹೆಸರು ಯಾರಿಗೂ ನೆನಪಿರುವುದಿಲ್ಲ, ಇರಲು ಸಾಧ್ಯವೂ ಇಲ್ಲ. ಬಳಕೆ ಎಷ್ಟು ಹೆಚ್ಚೋ ಆ್ಯಪ್‌ನ ಫಲ ಅಷ್ಟು ಹೆಚ್ಚು ಎಂಬುದನ್ನು ಮೇಲಿನ ಲೆಕ್ಕವೇ ತೋರಿಸುತ್ತದೆ. ಹಾಗಾದರೆ ಎಲ್ಲರಿಗೂ ಕಡ್ಡಾಯ ಮಾಡುವುದೇ ಸರಿಯಲ್ಲವೇ? ಸಮಸ್ಯೆ ಇರುವುದು ಇಲ್ಲಿ: ಆದೇಶದಿಂದ ಹೆಚ್ಚುವುದು ಡೌನ್‌ಲೋಡ್ ಸಂಖ್ಯೆ. ಲೆಕ್ಕಕ್ಕೆ ಬೇಕಾದದ್ದು ಬ್ಲೂಟೂತ್ ತೆರೆದಿಟ್ಟು, ಸತ್ಯ ನಮೂದಿಸಿ, ಎಚ್ಚರಿಕೆ ಬಂದಾಗ ಮನೆಯಲ್ಲಿ ಕೂರುವ ಜನ. ಇವು ಮೂರೂ ಬಳಕೆದಾರನ ಮನಸ್ಸಿನಲ್ಲಿರುವ ಕೆಲಸಗಳು. ದಂಡದ ಭಯಕ್ಕೆ ಹಾಕಿಕೊಂಡವನು ಬ್ಲೂಟೂತ್ ಆಫ್ ಮಾಡಬಹುದು, ಹಳೆಯ ಫೋನಿಗೆ ಹಾಕಿ ಮನೆಯಲ್ಲಿ ಬಿಡಬಹುದು, ಜ್ವರವಿದ್ದರೂ ಇಲ್ಲ ಎನ್ನಬಹುದು. ಯಾವ ಪೊಲೀಸರಿಗೂ ಅದನ್ನು ಹಿಡಿಯಲಾಗದು.

ಆಸ್ಟ್ರೇಲಿಯಾ ಇದನ್ನು ಅರ್ಥಮಾಡಿಕೊಂಡು 2020ರ ಮೇ ತಿಂಗಳಲ್ಲೇ ಕಾನೂನು ಮಾಡಿತು: ಕೋವಿಡ್‌ಸೇಫ್ ಆ್ಯಪ್ ಹಾಕಿಕೊಳ್ಳುವಂತೆ ಯಾರನ್ನಾದರೂ ಒತ್ತಾಯಿಸುವುದು, ಇಲ್ಲದವರಿಗೆ ಪ್ರವೇಶ ಅಥವಾ ಕೆಲಸ ನಿರಾಕರಿಸುವುದೇ ಅಪರಾಧ. ಕಾನೂನು ಚೆನ್ನಾಗಿದ್ದರೂ ಅವರ ಆ್ಯಪ್ ತಾಂತ್ರಿಕವಾಗಿ ಸೋತಿತು, ಐಫೋನ್ ಹಿನ್ನೆಲೆಯ ಬ್ಲೂಟೂತ್ ತೊಂದರೆಯೂ ಅದರಲ್ಲಿ ಸೇರಿದೆ. ಮಾನವ ಪತ್ತೆದಾರರಿಗೆ ಸಿಗದ ಎರಡೇ ಎರಡು ಪಾಸಿಟಿವ್ ಪ್ರಕರಣ ಹಿಡಿಯಿತೆಂದು 2022ರಲ್ಲಿ ಅಲ್ಲಿನ ಆರೋಗ್ಯ ಸಚಿವರೇ ಹೇಳಿ ಮುಚ್ಚಿಸಿದರು. ಸಿಂಗಪುರದ್ದು ತಿರುಗುಮುರುಗು. ಅವರ ಟ್ರೇಸ್‌ಟುಗೆದರ್ ಸಂಪರ್ಕ ಪತ್ತೆಗೆ ಮಾತ್ರ ಎಂಬ ಭರವಸೆಯಿಂದ ವ್ಯಾಪಕವಾಗಿ ಹರಡಿತು. 2021ರ ಜನವರಿಯಲ್ಲಿ, ಅಪರಾಧ ತನಿಖೆಗೆ ಪೊಲೀಸರೂ ಆ ದತ್ತಾಂಶ ಪಡೆಯಬಹುದು ಎಂದು ಸರ್ಕಾರ ಸಂಸತ್ತಿನಲ್ಲಿ ಒಪ್ಪಿಕೊಂಡಿತು. ಜನ ಕೆರಳಿದ ಮೇಲೆ, ಏಳು ಬಗೆಯ ಗಂಭೀರ ಅಪರಾಧಗಳಿಗೆ ಮಾತ್ರ ಸೀಮಿತಗೊಳಿಸುವ ಕಾನೂನು ಫೆಬ್ರವರಿಯಲ್ಲಿ ಬಂತು. ತಡವಾಗಿಯಾದರೂ ಸಂಸತ್ತಿನ ಮುಂದೆ ಬಂತಲ್ಲ. ನಮ್ಮಲ್ಲಿ ಅದೂ ಆಗಲಿಲ್ಲ.

ನಮ್ಮಲ್ಲಿ ಇದ್ದದ್ದು 2005ರ ವಿಪತ್ತು ನಿರ್ವಹಣಾ ಕಾಯ್ದೆಯಡಿಯ ಕಾರ್ಯಾಂಗದ ಆದೇಶ, ಮೇ 11ರ ದತ್ತಾಂಶ ಹಂಚಿಕೆ ಪ್ರೋಟೊಕಾಲ್. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್‌ನ ಒಂಬತ್ತು ನ್ಯಾಯಮೂರ್ತಿಗಳ ಪೀಠ 2017ರ ಆಗಸ್ಟ್ 24ರಂದು ಹೇಳಿತ್ತು. ಆ ಪ್ರಕರಣದ ಅರ್ಜಿದಾರರು ಕರ್ನಾಟಕ ಹೈಕೋರ್ಟ್‌ನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹಕ್ಕನ್ನು ಮೊಟಕುಗೊಳಿಸಲು ಕಾನೂನು ಬೇಕು, ಅಗತ್ಯ ಇರಬೇಕು, ಕ್ರಮ ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂಬುದು ಅದರ ಸಾರ. ಸಾಂಕ್ರಾಮಿಕದಲ್ಲಿ ಅಗತ್ಯದ ಬಗ್ಗೆ ಯಾರಿಗೂ ಸಂದೇಹವಿರಲಿಲ್ಲ. ಕಾನೂನೇ ಇರಲಿಲ್ಲ. ದತ್ತಾಂಶ ರಕ್ಷಣಾ ಮಸೂದೆಯ ಮೊದಲ ಕರಡು ಸಿದ್ಧಪಡಿಸಿದ ಸಮಿತಿಯ ಅಧ್ಯಕ್ಷ, ನಿವೃತ್ತ ನ್ಯಾಯಮೂರ್ತಿ ಬಿ.ಎನ್. ಶ್ರೀಕೃಷ್ಣ ಅವರು ಕಡ್ಡಾಯವನ್ನು ಸಂಪೂರ್ಣ ಕಾನೂನುಬಾಹಿರ ಎಂದು ಮೇ ತಿಂಗಳಲ್ಲೇ ಹೇಳಿದ್ದರು.

ಪ್ರಶ್ನೆ ಕರ್ನಾಟಕ ಹೈಕೋರ್ಟ್‌ಗೆ ಬಂದದ್ದು ಬೆಂಗಳೂರಿನ ಅನಿವರ್ ಅರವಿಂದ್ ಅವರ ಅರ್ಜಿಯಿಂದ. ರೈಲು, ವಿಮಾನ ಪ್ರಯಾಣಕ್ಕೆ ಕಡ್ಡಾಯವಲ್ಲ ಎಂದು ಕೇಂದ್ರ 2020ರ ಜೂನ್‌ನಲ್ಲಿ ಹೇಳಿತು. ಅಕ್ಟೋಬರ್ 19ರಂದು, ಕಾನೂನಿನ ಬೆಂಬಲವಿಲ್ಲದೆ ಕೇವಲ ಆ್ಯಪ್ ಇಲ್ಲವೆಂಬ ಕಾರಣಕ್ಕೆ ಯಾವ ಸರ್ಕಾರವೂ ಅದರ ಸಂಸ್ಥೆಗಳೂ ನಾಗರಿಕರಿಗೆ ಸೌಲಭ್ಯ, ಸೇವೆ ನಿರಾಕರಿಸುವಂತಿಲ್ಲ ಎಂಬ ಮಧ್ಯಂತರ ಆದೇಶ. 2021ರ ಜನವರಿ 25ರಂದು ಆಗಿನ ಮುಖ್ಯ ನ್ಯಾಯಮೂರ್ತಿ ಅಭಯ್ ಶ್ರೀನಿವಾಸ್ ಓಕಾ ನೇತೃತ್ವದ ಪೀಠ, ಬಳಕೆದಾರರ ತಿಳಿದ ಸಮ್ಮತಿ ಇಲ್ಲದೆ ಅವರ ಮಾಹಿತಿಯನ್ನು ಪ್ರೋಟೊಕಾಲ್ ಅಡಿ ಇತರ ಇಲಾಖೆಗಳೊಂದಿಗೆ ಹಂಚಿಕೊಳ್ಳದಂತೆ ತಡೆಯಿತು. ದತ್ತಾಂಶ ಸಂಗ್ರಹವನ್ನು ಮಾತ್ರ ನಿಲ್ಲಿಸಲಿಲ್ಲ. ಹಾಕಿಕೊಳ್ಳುವಾಗ ಸಮ್ಮತಿ ಕೊಟ್ಟಿದ್ದಾರೆ ಎಂಬುದು ಪೀಠದ ಮೇಲ್ನೋಟದ ಅಭಿಪ್ರಾಯ. ಹಂಚಿಕೆಯ ವಿಷಯ ಸಣ್ಣದೆಂದು ಕಾಣಬಹುದು, ಆದರೆ ನನ್ನ ಮಟ್ಟಿಗೆ ಈ ಇಡೀ ವ್ಯಾಜ್ಯದಲ್ಲಿ ಅದೇ ಮುಖ್ಯ. ಆರೋಗ್ಯಕ್ಕೆಂದು ಕೊಟ್ಟ ಮಾಹಿತಿ ಆರೋಗ್ಯ ಇಲಾಖೆಯಲ್ಲೇ ಉಳಿಯುತ್ತದೆ ಎಂಬ ಖಾತರಿ ಮೊದಲ ದಿನವೇ ಕಾನೂನಿನಲ್ಲಿದ್ದಿದ್ದರೆ ಸ್ವಇಚ್ಛೆಯಿಂದ ಬರುವವರ ಸಂಖ್ಯೆಯೇ ಬೇರೆ ಇರುತ್ತಿತ್ತು.

ಆರೋಗ್ಯ ಸೇತುವಿನ ಜತೆ ಕರ್ನಾಟಕದ್ದೇ ಆದ ಕ್ವಾರಂಟೈನ್ ವಾಚ್ ಆ್ಯಪನ್ನೂ ತೂಗಿ ನೋಡಬೇಕು. 2020ರ ಮಾರ್ಚ್ ಕೊನೆಯಲ್ಲಿ ಬಂದ ಇದು ಗೃಹ ಕ್ವಾರಂಟೈನ್‌ನಲ್ಲಿದ್ದವರಿಗೆ. ಬೆಳಗ್ಗೆ 7ರಿಂದ ರಾತ್ರಿ 10ರವರೆಗೆ ಗಂಟೆಗೊಂದು ಸೆಲ್ಫಿ, ಅದರ ಜತೆ ಜಿಪಿಎಸ್ ಸ್ಥಳ. ಕಳಿಸದಿದ್ದರೆ ತಂಡ ಮನೆಗೆ ಬರುತ್ತದೆ, ಸರ್ಕಾರಿ ಕ್ವಾರಂಟೈನ್‌ಗೆ ಸಾಗಿಸುತ್ತದೆ. ಮೇಲ್ನೋಟಕ್ಕೆ ಇದು ಆರೋಗ್ಯ ಸೇತುವಿಗಿಂತ ಕ್ರೂರ. ಆದರೆ ತತ್ವದಲ್ಲಿ ಇದಕ್ಕೆ ಸಮರ್ಥನೆ ಹೆಚ್ಚು: ಅಪಾಯ ಇದೆಯೆಂದು ಗೊತ್ತಿರುವ ವ್ಯಕ್ತಿ, 14 ದಿನದ ಗಡುವು, ಬಾಗಿಲಲ್ಲಿ ಪೊಲೀಸ್ ನಿಲ್ಲಿಸುವುದಕ್ಕೆ ಬದಲಿ ವ್ಯವಸ್ಥೆ. ಆರೋಗ್ಯವಂತ ಕೋಟ್ಯಂತರ ಜನರ ಸ್ಥಳ ಬರೆದುಕೊಳ್ಳುವುದಕ್ಕಿಂತ ಇದು ಉದ್ದೇಶಕ್ಕೆ ಹತ್ತಿರ.

ಎಡವಿದ್ದು ಪ್ರಮಾಣದಲ್ಲಿ. ದಿನಕ್ಕೆ ಹದಿನೈದರಷ್ಟು ಸೆಲ್ಫಿ ಜ್ವರದಲ್ಲಿ ಮಲಗಿದವರಿಂದ, ಮೊಲೆಯೂಡಿಸುವ ತಾಯಿಯಿಂದ, ಕ್ಯಾಮೆರಾ ಬಳಸಲು ಬಾರದ ಹಿರಿಯರಿಂದ ಕೇಳುವುದು ಅತಿ. ಕಾಂಕ್ರೀಟ್ ಮನೆಯ ನಡುಕೋಣೆಯಲ್ಲಿ ಜಿಪಿಎಸ್ ಹತ್ತಾರು ಮೀಟರ್ ತಪ್ಪು ತೋರಿಸುವುದು ಸಾಮಾನ್ಯ. ಒಳಗೇ ಇದ್ದವರು ಪಕ್ಕದ ರಸ್ತೆಯಲ್ಲಿದ್ದಂತೆ ಕಾಣಬಹುದು. ಅನಿಯತ ಹೊತ್ತಿನಲ್ಲಿ ದಿನಕ್ಕೆ ಎರಡು ಮೂರು ಬಾರಿ ಕೇಳಿ, ಅನುಮಾನ ಬಂದಾಗ ಫೋನ್ ಕರೆ, ಆಮೇಲೆ ಭೇಟಿ ಎಂದಿದ್ದರೆ ಅದೇ ಫಲ ಕಡಿಮೆ ಹಿಂಸೆಯಲ್ಲಿ ಬರುತ್ತಿತ್ತು. ಇದಕ್ಕಿಂತ ದೊಡ್ಡ ತಪ್ಪು ಕ್ವಾರಂಟೈನ್‌ನಲ್ಲಿದ್ದ ಸಾವಿರಾರು ಮಂದಿಯ ಮನೆ ವಿಳಾಸವನ್ನು ಅದೇ ಮಾರ್ಚ್‌ನಲ್ಲಿ ಬಹಿರಂಗಪಡಿಸಿದ್ದು. ಹೆಸರಿಲ್ಲದಿದ್ದರೇನು, ಮನೆ ನಂಬರ್ ಇದ್ದ ಮೇಲೆ? ಪಟ್ಟಿ ವಾಟ್ಸ್‌ಆ್ಯಪ್‌ನಲ್ಲಿ ಹರಿದಾಡಿತು. ವಿದೇಶದಿಂದ ಬಂದದ್ದನ್ನು ಹೇಳಿಕೊಂಡರೆ ಬೀದಿಗೆಲ್ಲ ಹೆಸರಾಗುತ್ತದೆ ಎಂದು ಗೊತ್ತಾದ ಮೇಲೆ ಹೇಳಿಕೊಳ್ಳಲು ಯಾರು ಮುಂದೆ ಬರುತ್ತಾರೆ? ಮುಚ್ಚಿಟ್ಟ ಒಂದೊಂದು ಪ್ರಯಾಣದಿಂದಲೂ ಅಪಾಯಕ್ಕೊಳಗಾದದ್ದು ಅದೇ ಬೀದಿ.

ಇದೇ ರಾಜ್ಯ ಇದೇ ಅವಧಿಯಲ್ಲಿ ಬೇರೊಂದು ಕೆಲಸವನ್ನು ಚೆನ್ನಾಗಿ ಮಾಡಿತು. 2020ರ ಮೇ ತಿಂಗಳಲ್ಲಿ ಒಂದೂವರೆ ಕೋಟಿಗೂ ಹೆಚ್ಚು ಮನೆಗಳ ಸಮೀಕ್ಷೆ ನಡೆಯಿತು. ವೃದ್ಧರು, ಗರ್ಭಿಣಿಯರು, ಸಕ್ಕರೆ ಕಾಯಿಲೆ, ರಕ್ತದೊತ್ತಡ ಇರುವವರು, ಜ್ವರ ಕೆಮ್ಮು ಇರುವವರನ್ನು ಗುರುತಿಸಲಾಯಿತು. ಪ್ರಾಥಮಿಕ ಸಂಪರ್ಕಿತರು, ದ್ವಿತೀಯ ಸಂಪರ್ಕಿತರು ಎಂದು ವಿಂಗಡಿಸಿ ಫೋನಿನಲ್ಲಿ, ನೇರವಾಗಿ ಹುಡುಕಿದ ಕರ್ನಾಟಕದ ವಿಧಾನವನ್ನು ಜೂನ್‌ನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವೇ ಇತರ ರಾಜ್ಯಗಳಿಗೆ ಮಾದರಿಯಾಗಿ ಹೇಳಿತು. ಆ ಕೆಲಸದ ಬೆನ್ನೆಲುಬು ಆಶಾ ಕಾರ್ಯಕರ್ತೆಯರು. ಯಾವ ಮನೆಗೆ ಯಾರು ಪರ ಊರಿಂದ ಬಂದಿದ್ದಾರೆ, ಯಾರು ಹೆದರಿ ಹೇಳುತ್ತಿಲ್ಲ ಎಂಬುದು ಅವರಿಗೆ ಗೊತ್ತು. ಆ ಮನೆಯವರಿಗೂ ಅವರು ಗೊತ್ತು. ಅದೇ ಜುಲೈನಲ್ಲಿ ಆ ಮಹಿಳೆಯರು ತಿಂಗಳಿಗೆ 12,000 ರೂಪಾಯಿ ನಿಶ್ಚಿತ ಗೌರವಧನ, ಸುರಕ್ಷಾ ಸಾಮಗ್ರಿ ಕೇಳಿ ಮುಷ್ಕರ ಕೂರಬೇಕಾಯಿತು. ಸಮುದಾಯದ ಸುರಕ್ಷತೆ ಎಂಬ ಮಾತಿನ ಹೆಸರಿನಲ್ಲಿ ಆ್ಯಪ್‌ಗೆ ಕಲಂ 188 ಹೂಡಲು ಸಿದ್ಧವಿದ್ದ ವ್ಯವಸ್ಥೆ, ಸುರಕ್ಷತೆಯನ್ನು ಮನೆ ಮನೆಗೆ ಹೊತ್ತವರಿಗೆ ಕೊಟ್ಟ ಬೆಲೆ ಅದು. ಇದನ್ನು ಬರೆಯುವಾಗ ಸಿಟ್ಟು ಬರುತ್ತದೆ.

2021ರ ಏಪ್ರಿಲ್–ಮೇ ಅಲೆಯಲ್ಲಿ ಆ್ಯಪ್‌ನ ಮಿತಿ ಪೂರ್ತಿ ಬಯಲಾಯಿತು. ಪರೀಕ್ಷೆಯ ಫಲಿತಾಂಶಕ್ಕೇ ದಿನಗಟ್ಟಲೆ ಕಾಯುವಾಗ ಸಂಪರ್ಕದ ಎಚ್ಚರಿಕೆ ಬರುವಷ್ಟರಲ್ಲಿ ಸಂಪರ್ಕಿತರೇ ಹಾಸಿಗೆ ಹಿಡಿದಿರುತ್ತಿದ್ದರು. ಬೆಂಗಳೂರಿನಲ್ಲಿ ಬಿಯು ನಂಬರ್ (ಪಾಸಿಟಿವ್ ಬಂದವರಿಗೆ ಕೊಡುತ್ತಿದ್ದ ಗುರುತು ಸಂಖ್ಯೆ) ಬಂದರೆ ಮಾತ್ರ ಸರ್ಕಾರಿ ಕೋಟಾದ ಹಾಸಿಗೆ. ಆ ನಂಬರಿಗೆ ಕಾಯುತ್ತಿದ್ದ ಮನೆಯವರಿಗೆ ಹಸಿರು, ಕಿತ್ತಳೆ ಬಣ್ಣದಿಂದ ಏನೂ ಆಗಬೇಕಿರಲಿಲ್ಲ. ಆ ಹೊತ್ತಿಗೆ ಆರೋಗ್ಯ ಸೇತು ಲಸಿಕೆ ನೋಂದಣಿ, ಕೋವಿನ್ ಪ್ರಮಾಣಪತ್ರದ ಬಾಗಿಲಾಗಿತ್ತು. ಆ ಕೆಲಸವನ್ನು ಅದು ತೊಂದರೆಯಿಲ್ಲದೆ ಮಾಡಿತು.

ಸಂಪರ್ಕ ಪತ್ತೆ ವಿಭಾಗ ನಿಲ್ಲಿಸಿ, ಅದರಿಂದ ಸಂಗ್ರಹಿಸಿದ ದತ್ತಾಂಶ ಅಳಿಸಲಾಗಿದೆ ಎಂದು ಸರ್ಕಾರ 2023ರ ಫೆಬ್ರವರಿಯಲ್ಲಿ ಲೋಕಸಭೆಗೆ ತಿಳಿಸಿತು. ಅದೇ ವರ್ಷ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಯೂ ಬಂತು. ಅದರ 7ನೇ ಕಲಂ ಸಾಂಕ್ರಾಮಿಕದ ವೇಳೆ ಚಿಕಿತ್ಸೆ, ಆರೋಗ್ಯ ಸೇವೆ ಕೊಡಲು ಸಮ್ಮತಿ ಇಲ್ಲದೆಯೂ ಮಾಹಿತಿ ಬಳಸಲು ಅವಕಾಶ ಕೊಡುತ್ತದೆ. 17ನೇ ಕಲಂ ಸರ್ಕಾರ ಅಧಿಸೂಚಿಸುವ ಸಂಸ್ಥೆಗಳಿಗೆ ವಿನಾಯಿತಿ ಕೊಡುತ್ತದೆ. ಆ್ಯಪ್ ಇಲ್ಲದವರಿಗೆ ಕೆಲಸ, ಪ್ರವೇಶ ನಿರಾಕರಿಸಬಾರದು ಎಂಬ ಆಸ್ಟ್ರೇಲಿಯಾ ಮಾದರಿಯ ನಿಯಮ ಅದರಲ್ಲಿಲ್ಲ. ಖಾಸಗಿ ಕಚೇರಿ, ಅಪಾರ್ಟ್‌ಮೆಂಟ್ ಸಂಘ ನಾಳೆ ಮತ್ತೆ ಗೇಟಿನಲ್ಲಿ ಫೋನ್ ಕೇಳಿದರೆ ಮನೆಕೆಲಸದ ಹೆಂಗಸು ತೋರಿಸಲು ಕೈಯಲ್ಲಿ ಯಾವ ಕಾನೂನೂ ಇರುವುದಿಲ್ಲ. ಹೈಕೋರ್ಟ್‌ನ ಅಕ್ಟೋಬರ್ ಆದೇಶ ಸರ್ಕಾರ ಮತ್ತು ಅದರ ಸಂಸ್ಥೆಗಳಿಗೆ ಮಾತ್ರ ಅನ್ವಯ.

ಮನೆಯಲ್ಲಿ ಯಾರದಾದರೂ ಹಳೆಯ ಫೋನಿನಲ್ಲಿ ಆ್ಯಪ್ ಇನ್ನೂ ಇದ್ದರೆ, ಡಿಜಿಟಲ್ ಆರೋಗ್ಯ ಖಾತೆಗಾಗಿ (ಆಭಾ) ಬಳಸುತ್ತಿಲ್ಲವಾದರೆ, ನೇರವಾಗಿ ಅನ್‌ಇನ್‌ಸ್ಟಾಲ್ ಮಾಡಬೇಡಿ. ಹಾಗೆ ಮಾಡಿದರೆ ಫೋನಿನಲ್ಲಿದ್ದದ್ದು ಹೋಗುತ್ತದೆ, ಸರ್ವರ್‌ನಲ್ಲಿರುವ ನೋಂದಣಿ ವಿವರ ಉಳಿಯುತ್ತದೆ. ಮೊದಲು ಲಸಿಕೆ ಪ್ರಮಾಣಪತ್ರ ಬೇಕಿದ್ದರೆ ಪಿಡಿಎಫ್ ಆಗಿ ಇಳಿಸಿಟ್ಟುಕೊಳ್ಳಿ. ಆಮೇಲೆ ಆ್ಯಪ್‌ನ ಸೆಟ್ಟಿಂಗ್ಸ್‌ನಲ್ಲಿರುವ ಖಾತೆ ಅಳಿಸುವ ಆಯ್ಕೆ ಒತ್ತಿ, ನೋಂದಾಯಿತ ನಂಬರ್‌ನಿಂದ ದೃಢಪಡಿಸಿ. 2020ರ ಜುಲೈನಲ್ಲಿ ಸೇರಿಸಿದ ಈ ಸೌಲಭ್ಯದಂತೆ ಸರ್ವರ್‌ನ ವಿವರ 30 ದಿನಗಳ ನಂತರ ಅಳಿಯುತ್ತದೆ. ಹಳೆಯ ಸಿಮ್ ಈಗ ಕೈಯಲ್ಲಿಲ್ಲದಿದ್ದರೆ ಒಟಿಪಿ ಬರುವುದಿಲ್ಲ. ಆದ್ದರಿಂದ ಅಪ್ಪ ಅಮ್ಮನ ನಂಬರ್ ಬದಲಾಯಿಸುವ ಮೊದಲೇ ಈ ಕೆಲಸ ಮುಗಿಸಿ.